ಹಿತ್ತಿಲ ವಿಚಾರ: ಹಿಂದಕ್ಕೆ ಹರಿಯುವ ನೀರು

ತೋಟಕ್ಕೆಂದು ಬಿಟ್ಟ ನೀರು ಮಣ್ಣು ಗೊಬ್ಬರಗಳನ್ನು ಕೂಡಿಕೊಂಡು ಅಡಿಗೆಯ ಮನೆಯ ನಲ್ಲಿಗೆ ಮರಳಿ ಬರಬಹುದೆಂದು ಯಾರಾದರೂ ಹೇಳಿದ್ದರೆ, ಕಳೆದ ಬೇಸಗೆಯವರೆಗೆ ನಾನು ನಂಬುತ್ತಿರಲಿಲ್ಲ.

ನಮ್ಮ ತಾರಸಿಯ ಮೇಲೆ ಮೂವತ್ತು ಕುಂಡಗಳಿವೆ. ಅವುಗಳ ಹನಿನೀರಾವರಿಯ ಕೊಳವೆಯನ್ನು, ಮೇಲಿನ ತೊಟ್ಟಿಯಿಂದ ಅಡಿಗೆಯ ಮನೆಗೆ ಇಳಿಯುವ ಕೊಳವೆಗೇ ಜೋಡಿಸಿದ್ದೆವು. ಅದೇ ಕೊಳವೆಯ ಇನ್ನೊಂದು ಕವಲಿಗೆ ಒಂದು ರಬ್ಬರ್ ಪೈಪು. ಬೇವಿನ ಹಿಂಡಿ ನೆನೆಸುವ ಬಾನಿಯನ್ನು ತುಂಬಿಸಲೆಂದು ಒಂದು ದಿನ ಅದನ್ನು ಬಾನಿಯೊಳಕ್ಕೆ ಬಿಟ್ಟು, ಮರೆತು, ತೊಟ್ಟಿಯನ್ನು ತೊಳೆಯಲು ಅದರ ಬುಡದ ವಾಲ್ವನ್ನು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಮನೆಯಾಕೆ ಕೂಗಿದರು: “ಇದೇನು ನೋಡಿ, ನಲ್ಲಿಯಲ್ಲಿ ಹಿಂಡಿಯ ನಾತ ಬರುತ್ತಿದೆ!” ಮೊಮ್ಮಗುವಿಗೆಂದು ಹಿಡಿದಿದ್ದ ಲೋಟದ ನೀರು ಕಂದುಬಣ್ಣಕ್ಕೆ ತಿರುಗಿದ್ದಿತು. ಮಗು ಇನ್ನೂ ಕುಡಿದಿರಲಿಲ್ಲವೆಂಬುದೇ ನಮ್ಮ ಪುಣ್ಯ.

ಇದರ ಕಾರಣ ಸರಳವಾದುದು. ಮೇಲೆ ತೊಟ್ಟಿಯ ದಾರಿಯನ್ನು ಮುಚ್ಚಿ ಕೆಳಗೆ ನಲ್ಲಿಯನ್ನು ತೆರೆದರೆ, ಕೊಳವೆಯೊಳಗಿನ ನೀರು ತನ್ನ ಭಾರದಿಂದಲೇ ಕೆಳಕ್ಕೆ ಜಾರುತ್ತದೆ. ಅದು ಬಿಟ್ಟುಹೋದ ಎಡೆಯನ್ನು ತುಂಬಲು ಹೊರಗಿನ ವಾಯುವಿನ ಒತ್ತಡವು ಸಿಕ್ಕಿದ ರಂಧ್ರದಿಂದೆಲ್ಲ ಸಿಕ್ಕಿದ್ದನ್ನು ಒಳಕ್ಕೆ ನೂಕುತ್ತದೆ. ಈ ಒತ್ತಡ ಅಲ್ಪವಾದುದಲ್ಲ; ಸಮುದ್ರಮಟ್ಟದಲ್ಲಿ ಸುಮಾರು ೩೪ ಅಡಿ ನೀರಿನ ಕಂಬವನ್ನು ಎತ್ತಿ ಹಿಡಿಯಬಲ್ಲದು. ಹನಿಯ ರಂಧ್ರಗಳು ಕುಂಡದ ಮಣ್ಣಿಗೆ ತಾಗಿದ್ದರೆ ಕೆಸರನ್ನೂ ಹೀರಿಕೊಂಡು ಕಟ್ಟಿಕೊಳ್ಳುತ್ತವೆ. ವಾಲ್ವಿನಿಂದ ಈಚೆಗೆ, ತೊಟ್ಟಿಗಿಂತ ಎತ್ತರವಾದ ಗಾಳಿಕೊಳವೆಯೊಂದನ್ನು ನಿಲ್ಲಿಸಿದ್ದರೆ ಸೆಳೆತ ಬಹುಮಟ್ಟಿಗೆ ತಗ್ಗುತ್ತದೆ. ನಮ್ಮಲ್ಲಿ ಅದೂ ಇರಲಿಲ್ಲ.

ಬೀದಿಯ ನೀರಿನ ಕೊಳವೆಗೆ ತೋಟವನ್ನು ನೇರವಾಗಿ ಜೋಡಿಸಿದವರ ಹೊಣೆ ಇನ್ನೂ ದೊಡ್ಡದು. ನಮ್ಮ ಎಷ್ಟೋ ಊರುಗಳಲ್ಲಿ ನೀರು ಕೆಲವು ಗಂಟೆ ಬಂದು ನಿಲ್ಲುವುದಷ್ಟೆ. ನಿಂತಾಗ ಕೊಳವೆಯ ಒತ್ತಡ ಇಳಿದು, ನಮ್ಮ ಬಾನಿಯ ಕೊಳೆ ನೆರೆಮನೆಯ ಕೊಡವನ್ನು ಸೇರಬಹುದು. ೧೯೩೩ರಲ್ಲಿ ಅಮೆರಿಕದ ಚಿಕಾಗೋ ನಗರದ ಎರಡು ಹೋಟೆಲುಗಳಲ್ಲಿ ಕೊಳವೆಗಳ ದೋಷದಿಂದ ಕುಡಿಯುವ ನೀರಿಗೆ ಕೊಳಚೆ ಸೇರಿ, ಆಮಶಂಕೆಯಿಂದ ೯೮ ಮಂದಿ ಮಡಿದರು.

ಅಂಗಡಿಯವರು ಮೊದಲು ತೋರಿಸುವುದು ನಾನ್-ರಿಟರ್ನ್ ವಾಲ್ವು. ಹಾಕಿಸಿಕೊಳ್ಳಬಹುದು, ಆದರೆ ಅದೊಂದನ್ನೇ ನಂಬಿ ಕೂಡಬಾರದು. ಮರಳಿನ ಒಂದು ಕಣ ಸಿಕ್ಕಿಕೊಂಡರೂ ಅದರ ಬಾಗಿಲು ಪೂರ್ತಿ ಮುಚ್ಚದು. ಮುಚ್ಚಿಲ್ಲವೆಂಬುದು ಹೊರಗೆ ಕಾಣದು. ವ್ಯಾಕ್ಯೂಮ್ ಬ್ರೇಕರ್ ಎಂಬುದು ಇದಕ್ಕಿಂತ ಮೇಲು. ಒತ್ತಡ ಇಳಿದೊಡನೆ ಗಾಳಿಯನ್ನು ಒಳಬಿಟ್ಟು ಸೆಳೆತವನ್ನು ಮುರಿಯುತ್ತದೆ. ಅದರ ಸಾದಾ ಬಗೆಯನ್ನು ಎಲ್ಲಕ್ಕೂ ಎತ್ತರದ ಹನಿರಂಧ್ರಕ್ಕಿಂತ ಆರು ಅಂಗುಲವಾದರೂ ಮೇಲೆ ಕೂರಿಸತಕ್ಕದ್ದು; ಅದರಿಂದ ಮುಂದೆ ಬೇರೆ ವಾಲ್ವು ಇರಕೂಡದು.

ನಾನು ಕೊನೆಗೆ ಹಿಡಿದದ್ದು ಹಳೆಯ ದಾರಿ. ತೋಟಕ್ಕೆ ಬೇರೆಯೇ ಒಂದು ಪೀಪಾಯಿಯನ್ನು ಮೂರಡಿಯ ಕಟ್ಟೆಯ ಮೇಲಿರಿಸಿ, ಮನೆಯ ನೀರು ಅದಕ್ಕೆ ಮೇಲಿನಿಂದ ಬೀಳುವಂತೆ ಮಾಡಿದೆ. ಕೊಳವೆಯ ಬಾಯಿಗೂ ಪೀಪಾಯಿಯ ಅಂಚಿಗೂ ನಡುವೆ ಕೊಳವೆಯ ವ್ಯಾಸದ ಇಮ್ಮಡಿ ಎಡೆಯಿರಬೇಕು. ಅದು ಒಂದಂಗುಲಕ್ಕೆ ಕಡಮೆಯಾಗಕೂಡದು. ನಾನು ನಾಲ್ಕಂಗುಲ ಬಿಟ್ಟಿದ್ದೇನೆ. ಕೆಡುವುದಕ್ಕೆ ಅಲ್ಲಿ ಬಾಗಿಲೂ ಇಲ್ಲ, ಸ್ಪ್ರಿಂಗೂ ಇಲ್ಲ. ಗೊಬ್ಬರದ ತಿಳಿಯನ್ನು ಚೆನ್ನಾಗಿ ಸೋಸಿ ಈ ಪೀಪಾಯಿಗೇ ಬೆರೆಸುತ್ತೇನೆ. ಒತ್ತಡ ಕಡಮೆಯಾದುದರಿಂದ ಹನಿ ನಿಧಾನವಾಗಿ ಬೀಳುವುದು ನಿಜ. ದೂರದ ಟೊಮೆಟೊ ಗಿಡಗಳು ಸೊರಗಿದುವೆಂದು ಮನೆಯಾಕೆ ಗೊಣಗಿದ್ದೂ ಉಂಟು. ಅರ್ಧ ಗಂಟೆ ಹೆಚ್ಚು ಬಿಟ್ಟ ಮೇಲೆ ಚೇತರಿಸಿಕೊಂಡುವು.

ತಮ್ಮ ಮನೆಯಲ್ಲಿ ಈ ದೋಷವುಂಟೇ ಎಂದು ಪರೀಕ್ಷಿಸಬಯಸುವವರು ತೋಟದ ಪೈಪಿನಲ್ಲಿ ನೀರು ತುಂಬಿರುವಾಗಲೇ ಅದರ ತುದಿಯನ್ನು ಶುದ್ಧವಾದ ನೀರಿನ ಲೋಟದಲ್ಲಿ ಮುಳುಗಿಸಿ, ತೊಟ್ಟಿಯ ವಾಲ್ವನ್ನು ಮುಚ್ಚಿಸಿ, ಕೆಳಗಿನ ನಲ್ಲಿಯನ್ನು ತೆರೆಯಿಸಲಿ. ಲೋಟದ ನೀರು ಇಳಿದರೆ ಆ ಜೋಡಣೆಯನ್ನು ಅಂದೇ ಬಿಚ್ಚಿಸತಕ್ಕದ್ದು.