ಹಲ್ಲ ಹೋದ್ರ ತಂಬಾಕಿಂದೇ ತಪ್ಪೇನ?

ಗಂಡಸೂರ ಹಲ್ಲ ಸವದ್ರ ನಾವು ಹೆಣ್ಮಕ್ಕಳು ಅನ್ನಾದು ಒಂದೇ ಮಾತು: "ತಂಬಾಕ ತಿಂತಾರಲ್ಲ, ಹೋಗತಾವ ಬಿಡು." ತಂಬಾಕ ಕೆಟ್ಟದ್ದು ಖರೇ, ಬಾಯಿ ಕ್ಯಾನ್ಸರ್ ತರತದ. ಆದ್ರ ಎಲ್ಲಾ ಅದರ ಮ್ಯಾಲೇ ಹಾಕಾದು ನನಗ ಸರಿ ಅನಸಂಗಿಲ್ಲ.

ಕಮಲಾಪುರದ ನನ್ನ ತಮ್ಮ ತಂಬಾಕ ಮುಟ್ಟಾಂವಲ್ಲ. ಕಲಬುರಗ್ಯಾಗ 20 ವರ್ಷ ಬ್ಯಾಟರಿ ಕೆಲಸ ಮಾಡ್ಯಾನ. ಈಗ ಖಡಕ್ ರೊಟ್ಟಿ ಹಾಲಾಗ ನೆನಸಿ ಕೊಡಬೇಕು, ಇಲ್ಲಂದ್ರ ನಮ್ಮೂರ ಕೆಂಪು ಬಾಳಿಹಣ್ಣೇ ಗತಿ. ಆಸಿಡ್ ಹೊಗಿ ಮುಂದಿನ ಹಲ್ಲಿನ ಅಂಚು ಕರಗಸ್ತದ ನೋಡ್ರಿ. ಮಾತಾಡಾಕ ತುಟಿ ತೆಗದ್ರ ಮೊದಲ ತಾಗಾದು ಅವಕ್ಕೇ. ಸೀಸ ಮೈಯಾಗ ಸೇರಿದ್ರ ವಸಡಿಗಿ ನೀಲಿ ಗೆರಿ ಮೂಡ್ತದ. ವಾಡಿ, ಸೇಡಂ ಕಡಿ ಸಿಮೆಂಟ್ ಫ್ಯಾಕ್ಟರಿದಾಗ ದುಡಿಯೋರಿಗಿ ಧೂಳು ಬಾಯಾಗ ಹೋಗಿ, ಉಸುಕಿನಂಗ ಹಲ್ಲ ತಿಕ್ಕತದ.

2025ರ ತನಕ ಇದ್ದ 1948ರ ಕಾರ್ಖಾನೆ ಕಾಯ್ದೆದಾಗ ಸಿಮೆಂಟಿಂದೂ ಅಪಾಯದ ಕೆಲಸ ಅಂತ ಬರದಿದ್ರು, ಅಂಥವರಿಗಿ 12 ತಿಂಗಳದಾಗ ಒಮ್ಮೆರ ತಪಾಸಣಿ ಆಗಬೇಕಂತನೂ ಬರದಿದ್ರು. ಎದಿ ನೋಡ್ತಾರ, ರಕ್ತ ತಗೀತಾರ. ಬಾಯಿ ಯಾಕ ತೆರಸಬಾರದು? ಆ ತಪಾಸಣಿದಾಗ ಹಲ್ಲಿನ ಡಾಕ್ಟರೂ ಇರಬೇಕಂತ ನಾ ಅಂತೀನಿ.

ಅಲ್ಲೀತನಕ ಮನ್ಯಾಗ ನಾವೇ ಹೇಳಬೇಕು. ಉಣ್ಣಾಕ ಕೂಡಾಕಿಂತ ಮೊದಲ ಕೈಯಷ್ಟೇ ಅಲ್ಲ, ಬಾಯೂ ಮುಕ್ಕಳಸಲಿ. ಆಸಿಡ್ ಕೆಲಸದಿಂದ ಬಂದ ಕೂಡ್ಲೇ ಬ್ರಷ್ ಹಿಡಿಯಾದು ಬ್ಯಾಡ, ಮೆತ್ತಗಾದ ಹಲ್ಲ ಇನ್ನಾ ಸವೀತದ; ನೀರಿಲೆ ಮುಕ್ಕಳಿಸಿ ಒಂದು ತಾಸು ಬಿಟ್ಟು ತಿಕ್ಕಲಿ. ಪಗಾರದಾಗ ಇಎಸ್‌ಐ ಕಟ್ ಆಗತಿದ್ರ ಸೇಡಂ ರಸ್ತೆದ ಇಎಸ್‌ಐ ದವಾಖಾನಿಗಿ ಕರ್ಕೊಂಡು ಹೋಗ್ರಿ, ಅಲ್ಲಿ ದಂತ ಕಾಲೇಜೂ ಅದ. ಏನ್ ಕೆಲಸ ಮಾಡ್ತಾರ, ಎಷ್ಟು ವರ್ಷ ಆಯ್ತು, ಡಾಕ್ಟರ್ ಮುಂದ ನೀವೇ ಹೇಳ್ರಿ. ಅವರು ಹೇಳಂಗಿಲ್ಲ.