ಅಲೆಯ ಎತ್ತರ ಮತ್ತು ನೋಡುಗನ ವಿವೇಕ: ಸರ್ಫಿಂಗ್ ಪರದೆಯಾಚೆಗಿನ ಲೆಕ್ಕಾಚಾರ

2023ರ ಜನವರಿ 22. ಹವಾಯಿಯ ಒವಾಹು ದ್ವೀಪದ ಉತ್ತರ ಕರಾವಳಿಯಲ್ಲಿರುವ ವೈಮಿಯಾ ಕೊಲ್ಲಿಯಲ್ಲಿ ಏಳು ವರ್ಷಗಳ ಬಿಡುವಿನ ನಂತರ ಎಡ್ಡೀ ಐಕಾವು ಸ್ಮಾರಕ ಸರ್ಫಿಂಗ್ ಸ್ಪರ್ಧೆ ನಡೆಯಿತು. ಜಗತ್ತಿನ ಹೆಸರಾಂತ ಅಲೆ ಸವಾರರೆಲ್ಲ ಅಲ್ಲಿದ್ದರು. 2016ರಲ್ಲಿ ಇದೇ ಸ್ಪರ್ಧೆಯನ್ನು ಗೆದ್ದಿದ್ದ, ಆ ವೇಳೆಗಾಗಲೇ ಎರಡು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಜಾನ್ ಜಾನ್ ಫ್ಲಾರೆನ್ಸ್ ಕೂಡ ಕಣದಲ್ಲಿದ್ದರು. ಆದರೆ ಪ್ರಶಸ್ತಿ ಒಲಿದದ್ದು ಲ್ಯೂಕ್ ಶೆಪರ್ಡ್‌ಸನ್ ಎಂಬ ಜೀವರಕ್ಷಕನಿಗೆ. ಆತ ಅಂದು ರಜೆಯ ಮೇಲಿರಲಿಲ್ಲ. ಅದೇ ಕಡಲತೀರದಲ್ಲಿ ಕರ್ತವ್ಯದಲ್ಲಿದ್ದು, ತನ್ನ ಸರದಿ ಬಂದಾಗ ಬಿಡುವು ಪಡೆದು ನೀರಿಗಿಳಿದು, ಅಲೆಗಳನ್ನು ಏರಿ, ಮತ್ತೆ ಕಾವಲು ಗೋಪುರಕ್ಕೆ ಮರಳಿದ್ದ.

ಸರ್ಫಿಂಗ್ ಜಗತ್ತಿನಲ್ಲಿ ಈ ಘಟನೆ ಕೌತುಕದ ಸುದ್ದಿಯಾಗಿ ಹರಡಿತು. ಆದರೆ ಅದನ್ನು ಕೇವಲ ಕೌತುಕವೆಂದು ಬದಿಗಿರಿಸುವಂತಿಲ್ಲ. ವಾರಾಂತ್ಯದಲ್ಲಿ ಹಲಗೆ ಹಿಡಿದು ಮೂರು ನಾಲ್ಕು ಅಡಿಯ ಅಲೆಗಳಲ್ಲಿ ಆಡುವ ಹವ್ಯಾಸಿಯೊಬ್ಬ, ವೃತ್ತಿಪರರ ಸಾಹಸವನ್ನು ಮೊಬೈಲ್ ಪರದೆಯ ಮೇಲೆ ನೋಡುವಾಗ ಏನನ್ನು ಗಮನಿಸಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿದೆ.

ನೋಡುಗನೂ ನೀರಿನಲ್ಲೇ

ಕ್ರಿಕೆಟ್ ನೋಡುವ ಕೋಟ್ಯಂತರ ಮಂದಿಯಲ್ಲಿ ಬಹುತೇಕರು ವೇಗದ ಬೌಲರ್‌ನನ್ನು ಎಂದೂ ಎದುರಿಸುವುದಿಲ್ಲ. ಸರ್ಫಿಂಗ್‌ನ ಸ್ಥಿತಿ ಬೇರೆ. ಅದರ ನಿಷ್ಠಾವಂತ ವೀಕ್ಷಕರಲ್ಲಿ ಹೆಚ್ಚಿನವರು ತಾವೂ ಹಲಗೆಯ ಮೇಲೆ ನಿಂತವರು, ಬಿದ್ದವರು, ಉಪ್ಪುನೀರು ಕುಡಿದವರು. ಚಾಂಪಿಯನ್ನರ ಅಂಗಳಕ್ಕೆ ಇಲ್ಲಿ ಬೇಲಿಯಿಲ್ಲ. ಹವಾಯಿಯ ಪೈಪ್‌ಲೈನ್ ಆಗಲಿ, ಆಸ್ಟ್ರೇಲಿಯಾದ ಸ್ನ್ಯಾಪರ್ ರಾಕ್ಸ್ ಆಗಲಿ, ಸ್ಪರ್ಧೆಯಿಲ್ಲದ ದಿನ ಎಲ್ಲರಿಗೂ ತೆರೆದ ಸಮುದ್ರವೇ. ಹೀಗಾಗಿ ನೋಡಿದ್ದನ್ನು ಮಾಡಿಬಿಡುವ ಪ್ರಲೋಭನೆ ಈ ಆಟದಲ್ಲಿ ಇರುವಷ್ಟು ಇನ್ನೆಲ್ಲೂ ಇಲ್ಲ.

ಹವ್ಯಾಸಿ ಅನುಸರಿಸುವ ವೃತ್ತಿಪರ ಸರ್ಫಿಂಗ್‌ನಲ್ಲಿ ಎರಡು ಕವಲುಗಳಿವೆ. ಒಂದು, ವಿಶ್ವ ಸರ್ಫ್ ಲೀಗ್ ನಡೆಸುವ ವಾರ್ಷಿಕ ಸರಣಿ. ಇನ್ನೊಂದು, ದೈತ್ಯ ಅಲೆಗಳ ಸವಾರಿ. ಎರಡಕ್ಕೂ ಬೇರೆ ಬೇರೆ ಧರ್ಮಗಳಿವೆ.

ಅಂಕಗಳ ಆಟ

ಸರಣಿಯ ನಿಯಮ ಸರಳ. ಪ್ರತಿ ಅಲೆಗೂ ಐವರು ತೀರ್ಪುಗಾರರು ಹತ್ತಕ್ಕೆ ಇಷ್ಟೆಂದು ಅಂಕ ನೀಡುತ್ತಾರೆ. ಅತಿ ಹೆಚ್ಚು ಹಾಗೂ ಅತಿ ಕಡಿಮೆ ಅಂಕಗಳನ್ನು ಕೈಬಿಟ್ಟು ಉಳಿದ ಮೂರರ ಸರಾಸರಿಯನ್ನು ಪರಿಗಣಿಸಲಾಗುತ್ತದೆ. ಸ್ಪರ್ಧಿಯ ಎರಡು ಅತ್ಯುತ್ತಮ ಅಲೆಗಳ ಮೊತ್ತವೇ ಅಂತಿಮ. ಅಂದರೆ ಗರಿಷ್ಠ 20. ತೆಗೆದುಕೊಂಡ ಸವಾಲು, ತಿರುವುಗಳ ವೈವಿಧ್ಯ, ಹೊಸತನ, ವೇಗ, ಬಲ ಮತ್ತು ಲಯ ಮಾನದಂಡಗಳು. ಅಲೆಯ ಎತ್ತರವೊಂದೇ ಇಲ್ಲಿ ಗೆಲುವು ತಂದುಕೊಡದು.

ಹವ್ಯಾಸಿಗೆ ಇದರಿಂದ ಲಾಭವುಂಟು. ಯಾವ ಅಲೆಯನ್ನು ಬಿಡಬೇಕು, ಯಾವುದಕ್ಕೆ ಕಾಯಬೇಕು, ಒಡೆಯುವ ನೊರೆಗೆ ಎಷ್ಟು ಸಮೀಪವಿದ್ದರೆ ವೇಗ ದಕ್ಕುತ್ತದೆ ಎಂಬುದನ್ನು ಮೂವತ್ತು ನಿಮಿಷಗಳ ಒಂದು ಸುತ್ತು ಕಲಿಸಬಲ್ಲದು. ಆದರೆ ಆ ಸುತ್ತಿನಲ್ಲಿ ನೀರಿನಲ್ಲಿರುವವರು ಇಬ್ಬರೇ, ಹೆಚ್ಚೆಂದರೆ ಮೂವರು ಅಥವಾ ನಾಲ್ವರು. ಯಾರಿಗೆ ಆದ್ಯತೆಯೆಂಬುದನ್ನು ದಡದಿಂದಲೇ ಸೂಚಿಸಲಾಗುತ್ತದೆ; ಅಡ್ಡ ಬಂದವನಿಗೆ ದಂಡ ಖಚಿತ. ಸಾಮಾನ್ಯ ದಿನ ಅದೇ ಜಾಗದಲ್ಲಿ ಹತ್ತಾರು ಮಂದಿ ಒಂದೇ ಅಲೆಗೆ ಕೈಬೀಸುತ್ತಾರೆ. ಅಲೆ ಒಡೆಯುವ ತುದಿಗೆ ಹತ್ತಿರವಿದ್ದವನಿಗೇ ಹಕ್ಕು ಎಂಬ ಅಲಿಖಿತ ನಿಯಮವೊಂದೇ ಅಲ್ಲಿನ ಕಾನೂನು. ಪರದೆಯ ಮೇಲೆ ತಿರುವು ಕಾಣುತ್ತದೆ, ಸರದಿಯ ಶಿಸ್ತು ಅಷ್ಟಾಗಿ ಕಾಣುವುದಿಲ್ಲ. ದಿನನಿತ್ಯದ ಸಮುದ್ರದಲ್ಲಿ ಪೆಟ್ಟು ತಪ್ಪಿಸುವುದು ಮಾತ್ರ ಎರಡನೆಯದೇ.

ಹಣದ ಹರಿವು ಎಲ್ಲಿಂದ?

ಸರಣಿಯ ಬಹುಪಾಲು ಸ್ಪರ್ಧೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದಾಗಿದೆ. ಉಚಿತವಾದುದಕ್ಕೂ ಯಾರೋ ಬೆಲೆ ತೆರಬೇಕಲ್ಲವೇ? ಬಹುಕಾಲ ಆ ಭಾರವನ್ನು ಹೊತ್ತದ್ದು ಸರ್ಫಿಂಗ್ ಉಡುಪಿನ ಕಂಪನಿಗಳು. ಕಡಲನ್ನೇ ಕಾಣದ ಊರುಗಳಲ್ಲೂ ಅವುಗಳ ಅಂಗಿ, ಚಡ್ಡಿ ಮಾರಾಟವಾಗುತ್ತಿದ್ದವು. ಆ ಲಾಭದಲ್ಲಿ ಸ್ಪರ್ಧೆಗಳೂ ಸವಾರರೂ ಬದುಕುತ್ತಿದ್ದರು. ಆ ಕಾಲ ಕಳೆದಿದೆ. ಕ್ವಿಕ್‌ಸಿಲ್ವರ್ ಸಂಸ್ಥೆ 2015ರಲ್ಲಿ ಅಮೆರಿಕದಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಸಲ್ಲಿಸಿತು. ಪ್ರತಿಸ್ಪರ್ಧಿ ಬಿಲ್ಲಾಬಾಂಗ್ 2018ರಲ್ಲಿ ಅದರದೇ ಸಮೂಹದ ಪಾಲಾಯಿತು. 2023ರಲ್ಲಿ ಇಡೀ ಸಮೂಹವೇ ಬ್ರ್ಯಾಂಡ್‌ಗಳ ಹಕ್ಕನ್ನು ಕೊಂಡು ನಡೆಸುವ ಬೃಹತ್ ಕಂಪನಿಯೊಂದಕ್ಕೆ ಮಾರಾಟವಾಯಿತು.

ಇದರ ಬಿಸಿ ಲೀಗ್‌ಗೂ ತಟ್ಟದಿರಲಿಲ್ಲ. ವೀಕ್ಷಕರನ್ನು ಹಿಡಿದಿಡುವ ಸಲುವಾಗಿ 2021ರಿಂದ ವಿಶ್ವ ಪ್ರಶಸ್ತಿಯನ್ನು ಒಂದೇ ದಿನದ ಫೈನಲ್ಸ್‌ನಲ್ಲಿ ನಿರ್ಧರಿಸಲಾಯಿತು. 2022ರಿಂದ ಋತುವಿನ ನಡುವೆಯೇ ಕೆಳಗಿನವರನ್ನು ಹೊರಹಾಕುವ ಪದ್ಧತಿಯೂ ಬಂತು. 2022ರಲ್ಲಿ ವರ್ಷವಿಡೀ ಅಗ್ರಸ್ಥಾನಕ್ಕೆ ದುಡಿದ ಕರಿಸ್ಸಾ ಮೂರ್ ಅವರನ್ನು ಐದನೇ ಸ್ಥಾನದಿಂದ ಬಂದ ಸ್ಟೆಫನಿ ಗಿಲ್ಮೋರ್ ಆ ಒಂದು ದಿನದಲ್ಲಿ ಮಣಿಸಿ ಎಂಟನೇ ಬಾರಿ ಚಾಂಪಿಯನ್ ಆದರು. ರೋಚಕವೇನೋ ಹೌದು, ನ್ಯಾಯವೇ ಎಂಬ ಚರ್ಚೆ ಮಾತ್ರ ನಿಲ್ಲಲಿಲ್ಲ. ಕೊನೆಗೆ, 2026ರ ಋತುವಿಗೆ ಏಕದಿನ ಫೈನಲ್ಸ್ ಕೈಬಿಟ್ಟು, ಒಟ್ಟು ಅಂಕಗಳ ಆಧಾರದ ಮೇಲೆ ಪೈಪ್‌ಲೈನ್‌ನಲ್ಲಿ ಪ್ರಶಸ್ತಿ ನಿರ್ಧರಿಸುವ ಹಳೆಯ ಹಾದಿಗೆ ಮರಳುವುದಾಗಿ ಲೀಗ್ 2025ರಲ್ಲಿ ಪ್ರಕಟಿಸಿತು. ನಿಷ್ಠಾವಂತ ನೋಡುಗರ ಅಸಮಾಧಾನಕ್ಕೂ ಬೆಲೆಯಿದೆ ಎಂಬುದಕ್ಕೆ ಇದು ನಿದರ್ಶನ.

ದೈತ್ಯ ಅಲೆಯ ಗಣಿತ

ದೈತ್ಯ ಅಲೆಗಳದ್ದು ಬೇರೆಯೇ ಲೋಕ. ಪೋರ್ಚುಗಲ್‌ನ ನಜಾರೆ ಇಂದು ಅದರ ರಾಜಧಾನಿ. ಅಲ್ಲಿನ ಕಡಲ ತಳದಲ್ಲಿ 200 ಕಿಲೋಮೀಟರಿಗೂ ಉದ್ದದ, ಸುಮಾರು 5 ಕಿಲೋಮೀಟರ್ ಆಳಕ್ಕಿಳಿಯುವ ಕಮರಿಯಿದೆ. ಕಮರಿಯ ಮೇಲೆ ಸಾಗುವ ಅಲೆ ವೇಗ ಕಳೆದುಕೊಳ್ಳದೆ ದಡದ ಸಮೀಪಕ್ಕೆ ಬರುತ್ತದೆ. ಪಕ್ಕದ ಆಳವಿಲ್ಲದ ನೀರಿನಲ್ಲಿ ನಿಧಾನಗೊಂಡ ಅಲೆಯೊಡನೆ ಕೂಡಿಕೊಂಡು ಗೋಪುರದಂತೆ ಮೇಲೇಳುತ್ತದೆ. ಗ್ಯಾರೆಟ್ ಮೆಕ್‌ನಮಾರಾ 2011ರಲ್ಲಿ ಇಲ್ಲಿ 78 ಅಡಿಯ ಅಲೆ ಏರಿದರು. 2017ರಲ್ಲಿ ರೋಡ್ರಿಗೊ ಕೊಕ್ಸಾ 80 ಅಡಿ, 2020ರ ಅಕ್ಟೋಬರ್‌ನಲ್ಲಿ ಜರ್ಮನಿಯ ಸೆಬಾಸ್ಟಿಯನ್ ಸ್ಟಾಯ್ಟ್ನರ್ 86 ಅಡಿಯ ಅಲೆ ಏರಿ ದಾಖಲೆ ಬರೆದರು. ಬ್ರೆಜಿಲ್‌ನ ಮಾಯಾ ಗಬೈರಾ 2020ರ ಫೆಬ್ರುವರಿಯಲ್ಲಿ ಏರಿದ್ದು 73.5 ಅಡಿ.

ಈ ಅಂಕಿಗಳು ಸುದ್ದಿಯ ತಲೆಬರಹಕ್ಕೆ ಚೆಂದ. ಆದರೆ ಅಲೆಯ ಶಕ್ತಿ ಎತ್ತರಕ್ಕೆ ಸಮನಾಗಿ ಏರುವುದಿಲ್ಲ, ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಮೂರು ಅಡಿಯ ಅಲೆಗಿಂತ ಆರು ಅಡಿಯದರಲ್ಲಿ ಇರುವುದು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಶಕ್ತಿ. ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಅವಧಿಯನ್ನೂ ಇದಕ್ಕೆ ಸೇರಿಸಬೇಕು. 8 ಸೆಕೆಂಡಿಗೊಮ್ಮೆ ಬರುವ ಅಲೆಗಿಂತ 16 ಸೆಕೆಂಡಿಗೊಮ್ಮೆ ಬರುವ ಅದೇ ಎತ್ತರದ ಅಲೆ ಎರಡು ಪಟ್ಟು ಶಕ್ತಿಯನ್ನು ದಡಕ್ಕೆ ಹೊತ್ತು ತರುತ್ತದೆ. ಮುನ್ಸೂಚನೆಯಲ್ಲಿ ಎತ್ತರವನ್ನಷ್ಟೇ ಓದಿ ನೀರಿಗಿಳಿಯುವ ಹವ್ಯಾಸಿ ಎಡವುವುದು ಇಲ್ಲಿಯೇ.

ಅಡಿಗಳ ಲೆಕ್ಕವೂ ಎಲ್ಲೆಡೆ ಒಂದೇ ಅಲ್ಲ. ಹವಾಯಿಯ ರೂಢಿಯಲ್ಲಿ 20 ಅಡಿಯೆಂದರೆ ಎದುರಿನಿಂದ ಕಾಣುವ ಅಲೆಯ ಮುಖ ಸುಮಾರು 40 ಅಡಿ. ಎಡ್ಡೀ ಸ್ಪರ್ಧೆ ನಡೆಯಲು ಬೇಕಾದದ್ದು ಆ ಪ್ರಮಾಣದ ಅಲೆ. ಅಷ್ಟಿಲ್ಲದ ವರ್ಷ ಸ್ಪರ್ಧೆಯೇ ಇಲ್ಲ. 1980ರ ದಶಕದ ಮಧ್ಯದಲ್ಲಿ ಆರಂಭವಾದ ಅದು 2024ರ ಡಿಸೆಂಬರ್‌ವರೆಗೆ ನಡೆದದ್ದು 11 ಬಾರಿ ಮಾತ್ರ.

ಸಾವು ಕಲಿಸಿದ ಪಾಠ

ಹವಾಯಿಯ ನುರಿತ ಸವಾರ ಮಾರ್ಕ್ ಫೂ 1994ರ ಡಿಸೆಂಬರ್ 23ರಂದು ಕ್ಯಾಲಿಫೋರ್ನಿಯಾದ ಮಾವೆರಿಕ್ಸ್‌ನಲ್ಲಿ ಮೃತಪಟ್ಟಾಗ ಜಗತ್ತು ಬೆಚ್ಚಿತು. ಅವರನ್ನು ಬಲಿ ತೆಗೆದುಕೊಂಡದ್ದು ಆ ದಿನದ ಅತಿದೊಡ್ಡ ಅಲೆಯೇನೂ ಆಗಿರಲಿಲ್ಲ. 2011ರ ಮಾರ್ಚ್‌ನಲ್ಲಿ ಅಲ್ಲಿಯೇ ಸಿಯಾನ್ ಮಿಲೋಸ್ಕಿ ಜೀವ ಕಳೆದುಕೊಂಡರು. 2013ರಲ್ಲಿ ನಜಾರೆಯಲ್ಲಿ ಬಿದ್ದ ಮಾಯಾ ಗಬೈರಾ ಪ್ರಜ್ಞೆ ತಪ್ಪಿದ್ದರು. ಜೊತೆಗಾರ ಕಾರ್ಲೋಸ್ ಬುರ್ಲೆ ದಡಕ್ಕೆ ತಂದ ಮೇಲೆ ಎದೆಯೊತ್ತಿ ಉಸಿರು ಮರಳಿಸಲಾಯಿತು. 2023ರ ಜನವರಿ 5ರಂದು ಅದೇ ನಜಾರೆಯಲ್ಲಿ ಬ್ರೆಜಿಲ್‌ನ ಮಾರ್ಸಿಯೊ ಫ್ರೇರೆ ಅಸುನೀಗಿದರು.

ಫ್ರೇರೆ ದೊಡ್ಡ ಪ್ರಾಯೋಜಕರ ನೆರಳಿನಲ್ಲಿ ಬೆಳೆದವರಲ್ಲ. ಹವಾಯಿಯ ‘ಜಾಸ್’ ಎಂಬ ದೈತ್ಯ ಅಲೆಯನ್ನು ಯಂತ್ರದ ನೆರವಿಲ್ಲದೆ, ಕೈಯಿಂದಲೇ ಈಜಿ ಏರಿ ಹೆಸರಾದವರು. ದೈತ್ಯ ಅಲೆಗಳ ಲೋಕದಲ್ಲಿ ಹವ್ಯಾಸಿ ಮತ್ತು ವೃತ್ತಿಪರರ ನಡುವಿನ ಗೆರೆ ಎಷ್ಟು ತೆಳು ಎಂಬುದನ್ನು ಅವರ ಬದುಕೂ ಸಾವೂ ಹೇಳುತ್ತವೆ. ಇಲ್ಲಿ ಸಾಹಸದಿಂದಲೇ ಜೀವನ ಸಾಗಿಸುವವರು ಬೆರಳೆಣಿಕೆಯಷ್ಟು.

ಈ ದುರಂತಗಳು ವ್ಯರ್ಥವಾಗಲಿಲ್ಲ. 2010ರಲ್ಲಿ ಮಾವೆರಿಕ್ಸ್‌ನಲ್ಲಿ ಸಾವಿನಂಚು ಕಂಡ ಶೇನ್ ಡೋರಿಯನ್, ದಾರ ಎಳೆದರೆ ಗಾಳಿ ತುಂಬಿಕೊಂಡು ಸವಾರನನ್ನು ಮೇಲೆತ್ತುವ ಉಡುಪು ರೂಪುಗೊಳ್ಳಲು ಕಾರಣರಾದರು. ಮಿಲೋಸ್ಕಿ ಸಾವಿನ ಬಳಿಕ ಅವರ ಗೆಳೆಯರು ಹುಟ್ಟುಹಾಕಿದ ಅಪಾಯ ಅರಿವಿನ ತಂಡ, ಮೂರ್ಛೆ ಹೋದವರನ್ನು ನೀರಿನಿಂದ ಎತ್ತುವುದು, ಉಸಿರು ಮರಳಿಸುವುದು, ಇಳಿಯುವ ಮುನ್ನ ಯೋಜನೆ ಮಾಡುವುದು ಮುಂತಾದವುಗಳನ್ನು ಸಾಮಾನ್ಯ ಸರ್ಫರ್‌ಗಳಿಗೂ ಕಲಿಸುತ್ತಿದೆ. ನಜಾರೆಯಲ್ಲಿ ಇಂದು ಒಬ್ಬ ಸವಾರನ ಹಿಂದೆ ಎಳೆದೊಯ್ಯುವ ಚಾಲಕ, ರಕ್ಷಣೆಗೆ ಮತ್ತೊಂದು ಜೆಟ್ ಸ್ಕೀ, ಬಂಡೆಯ ಮೇಲೆ ರೇಡಿಯೊ ಹಿಡಿದು ಅಲೆ ಗಮನಿಸುವ ಜೊತೆಗಾರ, ಹೀಗೆ ಒಂದು ಪುಟ್ಟ ದಳವೇ ಇರುತ್ತದೆ.

ಸಾಮಾಜಿಕ ಜಾಲತಾಣದ ಮೂವತ್ತು ಸೆಕೆಂಡಿನ ತುಣುಕಿನಲ್ಲಿ ಈ ದಳ ಕಾಣುವುದಿಲ್ಲ. ವರ್ಷಗಟ್ಟಲೆ ಉಸಿರು ಬಿಗಿಹಿಡಿಯುವ ಅಭ್ಯಾಸವಾಗಲಿ, ಸಿದ್ಧತೆ ಸಾಲದೆಂದು ದಡದಲ್ಲೇ ಉಳಿದ ದಿನಗಳಾಗಲಿ ಕಾಣುವುದಿಲ್ಲ. ಕಾಣುವುದು ಅಲೆ, ಅದರ ಮೇಲೊಂದು ಚುಕ್ಕೆ, ಕೆಳಗೆ ಅಡಿಗಳ ಲೆಕ್ಕ. ಹವ್ಯಾಸಿಯ ಮಟ್ಟಿಗೆ ನಿಜವಾದ ಅಪಾಯ ಈ ಕತ್ತರಿಸಿದ ಚಿತ್ರದಲ್ಲಿದೆ. 86 ಅಡಿಯ ಅಲೆಗೆ ಆತ ಎಂದೂ ಹೋಗಲಾರ. ಆದರೆ ಅದನ್ನು ದಿನವೂ ನೋಡಿ ಪಳಗಿದ ಕಣ್ಣಿಗೆ ಎಂಟು ಅಡಿಯ ಅಲೆ ಸಣ್ಣದಾಗಿ ತೋರಬಹುದು.

ನಮ್ಮ ಕರಾವಳಿಗೂ ಸಲ್ಲುವ ಮಾತು

ಕರ್ನಾಟಕಕ್ಕೂ ಈ ಮಾತು ದೂರದ್ದಲ್ಲ. ಅಮೆರಿಕ ಮೂಲದ ಜಾಕ್ ಹೆಬ್ನರ್ 2004ರಲ್ಲಿ ಮೂಲ್ಕಿಯಲ್ಲಿ ಸರ್ಫಿಂಗ್ ಕ್ಲಬ್ ಆರಂಭಿಸಿದರು. 2016ರ ಮೇ ತಿಂಗಳಲ್ಲಿ ಸಸಿಹಿತ್ಲು ಕಡಲತೀರದಲ್ಲಿ ಇಂಡಿಯನ್ ಓಪನ್ ಸ್ಪರ್ಧೆ ನಡೆಯಿತು. ಆನಂತರ ಪಣಂಬೂರೂ ಅದಕ್ಕೆ ಆತಿಥ್ಯ ನೀಡಿತು. 2025ರ ಆಗಸ್ಟ್‌ನಲ್ಲಿ ತಮಿಳುನಾಡಿನ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ರಮೇಶ್ ಬೂದಿಹಾಳ್ ಕಂಚು ಗೆದ್ದರು. ಬೆಂಗಳೂರಿನಿಂದ ವಾರಾಂತ್ಯಕ್ಕೆ ಕರಾವಳಿಗಿಳಿದು ಹಲಗೆ ಬಾಡಿಗೆಗೆ ಪಡೆಯುವ ಯುವಜನರಿಗೆ ಸರ್ಫಿಂಗ್ ಈಗ ಅಪರಿಚಿತವಲ್ಲ.

ನಮ್ಮಲ್ಲಿ ನಜಾರೆಯಿಲ್ಲ ನಿಜ. ಆದರೆ ಮುಂಗಾರಿನ ಅರಬ್ಬಿ ಸಮುದ್ರವಿದೆ, ಉಬ್ಬರ ಇಳಿತದ ಹೊತ್ತಿಗೆ ಸೆಳೆತ ಬದಲಿಸುವ ಅಳಿವೆಬಾಗಿಲುಗಳಿವೆ. ದಕ್ಷಿಣ ಮಹಾಸಾಗರದ ಬಿರುಗಾಳಿಯಲ್ಲಿ ಹುಟ್ಟಿ, ಸಾವಿರಾರು ಕಿಲೋಮೀಟರ್ ಸಾಗಿ, ಇಲ್ಲಿ ಗಾಳಿಯೇ ಇಲ್ಲದ ದಿನವೂ ದಡಕ್ಕಪ್ಪಳಿಸುವ ದೀರ್ಘಾವಧಿಯ ಅಲೆಗಳೂ ಇವೆ. ಕೇರಳದ ಮೀನುಗಾರರು ಅವನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ, ಅಂದರೆ ಕಳ್ಳನಂತೆ ಬರುವ ಕಡಲು. ಹೈದರಾಬಾದ್‌ನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಇಂಥ ಅಲೆಗಳ ಬಗ್ಗೆ ಮುನ್ನೆಚ್ಚರಿಕೆ ನೀಡುತ್ತದೆ. ಅದನ್ನು ಓದುವ ಅಭ್ಯಾಸ ಮೀನುಗಾರರಷ್ಟೇ ಸರ್ಫರ್‌ಗಳಿಗೂ ಅಗತ್ಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಕ್ಕೆಯಲ್ಲೇ ನಿಲ್ಲುವ ಕರಾವಳಿಗೆ, ಕಡಲಿಗಿಳಿಯದಿರುವ ದಿನಗಳ ಮಹತ್ವವನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಹಲಗೆಯೊಡನೆ ಬರುವ ನಗರವಾಸಿಗೆ ಅದು ತಿಳಿಯಬೇಕಷ್ಟೆ.

ವೃತ್ತಿಪರ ಸರ್ಫಿಂಗ್ ನೋಡುವುದರಲ್ಲಿ ತಪ್ಪೇನಿಲ್ಲ. ಅದರ ಸೊಬಗು ಅನನ್ಯ, ನೋಡಿ ಕಲಿಯುವುದಕ್ಕೂ ಬೇಕಾದಷ್ಟಿದೆ. ಅಲೆ ಎಷ್ಟು ಎತ್ತರವಿತ್ತು ಎಂಬ ಪ್ರಶ್ನೆಯ ಜೊತೆಗೆ, ಬಿದ್ದರೆ ಎತ್ತಲು ಯಾರಿದ್ದರು ಎಂಬ ಪ್ರಶ್ನೆಯನ್ನೂ ಹವ್ಯಾಸಿ ಕೇಳಿಕೊಳ್ಳಬೇಕಾಗಿದೆ. ವೈಮಿಯಾದ ಆ ಸ್ಪರ್ಧೆಗೆ ಹೆಸರು ಕೊಟ್ಟ ಎಡ್ಡೀ ಐಕಾವು ಕೂಡ ಅದೇ ಕೊಲ್ಲಿಯ ಜೀವರಕ್ಷಕರಾಗಿದ್ದವರು. 1978ರಲ್ಲಿ ತಾವಿದ್ದ ದೋಣಿ ಮಗುಚಿದಾಗ, ಸಂಗಡಿಗರಿಗೆ ನೆರವು ತರಲೆಂದು ಸರ್ಫಿಂಗ್ ಹಲಗೆಯ ಮೇಲೆ ಹೊರಟವರು ಮರಳಲಿಲ್ಲ. ಉಳಿದವರನ್ನು ಆನಂತರ ರಕ್ಷಿಸಲಾಯಿತು. ಅವರ ಹೆಸರಿನ ಸ್ಪರ್ಧೆಯನ್ನು 2023ರಲ್ಲಿ ಗೆದ್ದವನು, ಗೆಲುವಿನ ದಿನವೂ ಕಾವಲು ಗೋಪುರಕ್ಕೆ ಮರಳಿದ ಜೀವರಕ್ಷಕ.