ಬೈಕಿನ ಹಿಂದಿನ ಚಕ್ರಕ್ಕೆ ಕಾರಿನ ಟೈರು



ಭಾರಿ ಮೋಟಾರ್‌ಸೈಕಲ್‌ಗಳ ಹಿಂದಿನ ಚಕ್ರಕ್ಕೆ ಕಾರಿನ ಟೈರು ಹಾಕುವ ರೂಢಿ ಅಮೆರಿಕದ ಹೋಂಡಾ ಗೋಲ್ಡ್‌ವಿಂಗ್ ಸವಾರರಲ್ಲಿ ಕೆಲವರಿಗೆ ಬಹುಕಾಲದಿಂದ ಇದ್ದು, ದೊಡ್ಡ ಬೈಕುಗಳು ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ರಸ್ತೆಗಳಲ್ಲೂ ಓಡಾಡುತ್ತಿರುವಾಗ ಆ ರೂಢಿಯ ಗುಣದೋಷ ಇಲ್ಲಿಯೂ ಚರ್ಚೆಯಾಗುವುದು ಒಳಿತು. ಕಾರಿನ ಟೈರಿನ ಬೆಲೆ ಕಡಿಮೆ, ಬಾಳಿಕೆ ಹೆಚ್ಚು ಎಂಬುದು ನಿಜ. ನೆಟ್ಟಗಿನ ಹೆದ್ದಾರಿಯಲ್ಲೇ ಓಡುವ ಬೈಕಿನ ಟೈರು ನಡುಭಾಗದಲ್ಲಿ ಬೇಗ ಸವೆಯುವುದೂ ಸುಳ್ಳಲ್ಲ.

ಆದರೆ ಬೈಕು ತಿರುಗುವುದು ವಾಲುವುದರಿಂದ. ಅದರ ಟೈರಿನ ಮೈ ದುಂಡಗಿರುವುದರಿಂದ ವಾಲಿದಾಗಲೂ ನೆಲದ ಹಿಡಿತ ಉಳಿಯುತ್ತದೆ. ಚಪ್ಪಟೆ ಮೈಯ ಕಾರಿನ ಟೈರಾದರೋ ವಾಲಿದೊಡನೆ ತನ್ನ ಭುಜದ, ಅಂದರೆ ಮೈಗೂ ಪಕ್ಕೆಗೂ ನಡುವಿನ ಅಂಚಿನ ಮೇಲೆ ನಿಲ್ಲುತ್ತದೆ, ಬೈಕನ್ನು ಮತ್ತೆ ನೆಟ್ಟಗೆ ಎಬ್ಬಿಸಲು ಹವಣಿಸುತ್ತದೆ, ಆದ್ದರಿಂದ ತಿರುವಿನುದ್ದಕ್ಕೂ ಸವಾರ ಹ್ಯಾಂಡಲನ್ನು ಒತ್ತಿಯೇ ಹಿಡಿಯಬೇಕಾಗುತ್ತದೆ. ಲಾರಿಗಳ ಭಾರಕ್ಕೆ ಡಾಂಬರು ಕುಸಿದು ಗಾಲಿಜಾಡು ಬಿದ್ದ, ಪೀಣ್ಯದಂಥ ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ಈ ಟೈರು ಜಾಡನ್ನೇ ಹಿಡಿದು ಹೊರಳುತ್ತದೆ. ಅಲ್ಲಿನ ಮಳೆಗಾಲ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂ ಗಂಭೀರವಾದುದು ಬೀಡಿನ, ಅಂದರೆ ರಿಮ್ಮನ್ನು ಕಚ್ಚಿಕೊಳ್ಳುವ ಉಕ್ಕಿನ ತಂತಿಯುಳ್ಳ ಅಂಚಿನ ಪ್ರಶ್ನೆ. ಕಾರು, ಬೈಕುಗಳ ರಿಮ್ಮಿನ ಅಂಚು ಒಂದೇ ಆಕಾರದ್ದಲ್ಲವಾದ್ದರಿಂದ, ಕಾರಿನ ಟೈರಿನ ಬೀಡನ್ನು ಬೈಕಿನ ರಿಮ್ಮಿಗೆ ಕೂರಿಸಲು ಮಿತಿ ಮೀರಿ ಗಾಳಿ ತುಂಬುವ ಸಂದರ್ಭ ಬರುತ್ತದೆ. ಆಗ ಮೊದಲ ಅಪಾಯ ಟೈರ್ ಅಂಗಡಿಯ ಕೆಲಸಗಾರನಿಗೆ. ಭಾರತೀಯ ಮಾನಕ ಬ್ಯೂರೋ ದ್ವಿಚಕ್ರ, ತ್ರಿಚಕ್ರ ವಾಹನಗಳ ಟೈರಿಗೆ ಐಎಸ್ 15627, ಕಾರಿನ ಟೈರಿಗೆ ಐಎಸ್ 15633 ಎಂದು ಪ್ರತ್ಯೇಕ ಮಾನದಂಡ ಇಟ್ಟಿರುವುದು ಸುಮ್ಮನೆ ಅಲ್ಲ. ಗಿರಾಕಿ ಒತ್ತಾಯಿಸಿದರೂ ಇಂಥ ಜೋಡಣೆಯನ್ನು ಅಂಗಡಿಗಳು ನಿರಾಕರಿಸಬೇಕು, ಸಾರಿಗೆ ಇಲಾಖೆಯು ಈ ಬಗ್ಗೆ ಸ್ಪಷ್ಟ ಸೂಚನೆ ಹೊರಡಿಸಬೇಕು.

– ಓದುಗರೊಬ್ಬರು, ಪೀಣ್ಯ, ಬೆಂಗಳೂರು